ಡ್ರೈವ್‌ಗೆ ಹಾಕೋ ಮುಂಚೆ ಬೀಗ ಹಾಕಿ: ಕ್ಲೌಡ್‌ನಲ್ಲಿರೋ ಫೈಲುಗಳ ಪ್ರೈವಸಿ ಕಾಪಾಡ್ಕೊಳ್ಳೋದು ಹೇಗೆ

ಈಗ ಯಾರ ಫೋನ್ ತೆಗೆದು ನೋಡಿದ್ರೂ ಡ್ರೈವ್‌ನಲ್ಲಿ ಡಾಕ್ಯುಮೆಂಟ್ಸ್ ಅಂತ ಒಂದು ಫೋಲ್ಡರ್ ಇದ್ದೇ ಇರತ್ತೆ. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಊರಿನ ಜಮೀನಿನ ಪಹಣಿ, ಸೈಟಿನ ಸೇಲ್ ಡೀಡು, ಅಪ್ಪನ ಆಪರೇಷನ್ ಆದಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ, ಎಲ್ಲಾ ಒಂದೇ ಕಡೆ ನೀಟಾಗಿ ಹೆಸರಿಟ್ಟು ಜೋಡಿಸಿರ್ತೀವಿ, ಕದಿಯೋನಿಗೆ ಹುಡುಕೋ ಕಷ್ಟಾನೂ ಇರಬಾರದು ಅನ್ನೋ ಹಾಗೆ. ಹಾಗಂತ ಕ್ಲೌಡ್, ಅಂದ್ರೆ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಲ್ಲಿ ಫೈಲು ಇಡೋದನ್ನ, ಬಿಟ್ಬಿಡಿ ಅಂತ ನಾನೇನು ಹೇಳ್ತಿಲ್ಲ. ಫೋನು ನೀರಿಗೆ ಬಿದ್ರೆ, ಲ್ಯಾಪ್‌ಟಾಪ್ ಕೈಕೊಟ್ರೆ ಉಳಿಯೋದು ಅದೊಂದೇ. ಆದ್ರೆ ಏನನ್ನ ಹೇಗೆ ಹಾಕ್ಬೇಕು, ಯಾವುದನ್ನ ಹಾಕಲೇಬಾರದು, ಹಾಕಿದ್ಮೇಲೆ ಯಾರ್ಯಾರಿಗೆ ಕಾಣ್ತಿದೆ ಅನ್ನೋದನ್ನ ಒಂದು ಭಾನುವಾರ ಕೂತು ಸರಿಮಾಡ್ಕೊಂಡ್ರೆ ಸಾಕು.

ಮೊದಲು ಒಂದು ವಿಷಯ ತಿಳ್ಕೊಳ್ಳಿ, ಉಳಿದಿದ್ದೆಲ್ಲಾ ಇದ್ರಿಂದಾನೇ ಅರ್ಥ ಆಗೋದು. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲಾ ನಿಮ್ಮ ಫೈಲನ್ನ ಎನ್‌ಕ್ರಿಪ್ಟ್ ಮಾಡೇ, ಅಂದ್ರೆ ಕೀ ಇಲ್ಲದೋರಿಗೆ ಅರ್ಥ ಆಗದ ಹಾಗೆ ಕಲಸೇ ಇಡ್ತವೆ, ಅದು ಸುಳ್ಳಲ್ಲ. ಆದ್ರೆ ಆ ಎನ್‌ಕ್ರಿಪ್ಷನ್ ಕೀ ಮಾಮೂಲಿ ಅಕೌಂಟುಗಳಲ್ಲಿ ಕಂಪನಿ ಹತ್ರಾನೇ ಇರತ್ತೆ. ಬಾಡಿಗೆ ಮನೆಗೆ ನೀವು ಬೀಗ ಹಾಕ್ಕೊಂಡು ಹೋದ್ರೂ ಓನರ್ ಹತ್ರ ಇನ್ನೊಂದು ಬೀಗದ ಕೈ ಇರತ್ತಲ್ಲ, ಹಾಗೆ. ಕೋರ್ಟ್ ಆರ್ಡರ್ ಬಂದ್ರೆ ಕಂಪನಿ ತೆಗೆದುಕೊಡಬಹುದು, ಅವರ ಸಾಫ್ಟ್‌ವೇರ್ ಫೈಲುಗಳನ್ನ ಸ್ಕ್ಯಾನ್ ಮಾಡಬಹುದು, ಅವರ ಕಡೆ ತಪ್ಪಾದ್ರೆ ನಿಮ್ಮ ಫೈಲು ಬಯಲಿಗೆ ಬರಬಹುದು. 2011ರ ಜೂನ್‌ನಲ್ಲಿ ಡ್ರಾಪ್‌ಬಾಕ್ಸ್‌ನಲ್ಲಿ ಒಂದು ಕೋಡ್ ಬದಲಾವಣೆಯಿಂದ ಸುಮಾರು ನಾಲ್ಕು ಗಂಟೆ ಹೊತ್ತು ಯಾವ ಪಾಸ್‌ವರ್ಡ್ ಹಾಕಿದ್ರೂ ಯಾರ ಅಕೌಂಟ್ ಬೇಕಾದ್ರೂ ತೆರ್ಕೊಳ್ತಿತ್ತು. ಸ್ಕ್ಯಾನಿಂಗ್ ವಿಷಯಕ್ಕೆ ಬಂದ್ರೆ 2022ರಲ್ಲಿ ಸುದ್ದಿಯಾದ ಸ್ಯಾನ್ ಫ್ರಾನ್ಸಿಸ್ಕೋದ ತಂದೆಯ ಕೇಸಿದೆ. ಮಗನಿಗೆ ಖಾಸಗಿ ಜಾಗದಲ್ಲಿ ಊತ ಬಂದಿತ್ತು ಅಂತ ಡಾಕ್ಟರಿಗೆ ಕಳಿಸೋಕೆ ಫೋಟೋ ತೆಗೆದಿದ್ರು, ಅದು ಆಟೋಮ್ಯಾಟಿಕ್ ಆಗಿ ಬ್ಯಾಕಪ್ ಆಗಿ, ಗೂಗಲ್ ಸಿಸ್ಟಮ್ಮು ಅದನ್ನ ಮಕ್ಕಳ ದೌರ್ಜನ್ಯದ ಚಿತ್ರ ಅಂತ ಹಿಡಿದು ಅವರ ಅಕೌಂಟೇ ಮುಚ್ಚಿಬಿಡ್ತು. ಪೊಲೀಸರು ತನಿಖೆ ಮಾಡಿ ತಪ್ಪೇನಿಲ್ಲ ಅಂದ್ರೂ ಅಕೌಂಟ್ ವಾಪಸ್ ಸಿಗಲಿಲ್ಲ. ಸ್ಕ್ಯಾನ್ ಮಾಡೋದೇ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಯಾರಿಗೂ ಕಾಣಬಾರದ ಫೈಲು ಅಂದ್ರೆ ಕಂಪನಿಗೂ ಕಾಣದ ಹಾಗೆ ನೀವೇ ಬೀಗ ಹಾಕಿ ಹಾಕ್ಬೇಕು. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಅದಕ್ಕಿಂತ ಮುಂಚೆ ಕಸ ಗುಡಿಸೋ ಕೆಲಸ. ಡ್ರೈವ್‌ನಲ್ಲಿ ಇರೋ ಅವಶ್ಯಕತೇನೇ ಇಲ್ಲದ್ದನ್ನ ತೆಗೀರಿ. ಆಧಾರ್, ಡಿಎಲ್, ಆರ್‌ಸಿ, ಪ್ಯಾನ್ ಇದಕ್ಕೆಲ್ಲಾ ಡಿಜಿಲಾಕರ್ ಇದೆ, ಅಲ್ಲಿ ಇಶ್ಯೂಡ್ ಡಾಕ್ಯುಮೆಂಟ್ಸ್ ಅಂತ ಬರೋದು ಕಾನೂನು ಪ್ರಕಾರ ಒರಿಜಿನಲ್‌ಗೆ ಸಮ, ಬೇಕಾದಾಗ ಅಲ್ಲಿಂದ ತೆಗೆದ್ರಾಯ್ತು, ಫೋಟೋ ಹೊಡೆದು ಡ್ರೈವ್‌ನಲ್ಲಿ ನಾಲ್ಕು ಕಾಪಿ ಇಟ್ಕೊಳ್ಳೋದು ಯಾಕೆ? ಆಧಾರ್ ಇಡಲೇಬೇಕು ಅಂದ್ರೆ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಇಡಿ, ಅದ್ರಲ್ಲಿ ಮೊದಲ 8 ಅಂಕಿ ಮುಚ್ಚಿರತ್ತೆ, ಕೊನೆಯ 4 ಮಾತ್ರ ಕಾಣೋದು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಕಚೇರಿಯೇ ಇದನ್ನ ಹೇಳಿತ್ತು, ಸಿಕ್ಕಸಿಕ್ಕೋರಿಗೆಲ್ಲಾ ಆಧಾರ್ ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಕೊಡಿ ಅಂತ. ಜನ ಗಾಬರಿಯಾದ್ರು ಅಂತ ಎರಡೇ ದಿನದಲ್ಲಿ ಆ ಪ್ರಕಟಣೆ ವಾಪಸ್ ತಗೊಂಡ್ರು. ಪ್ರಕಟಣೆ ಹೋದ್ರೇನು, ಸಲಹೆ ಒಳ್ಳೇದೇ. ಇನ್ನೊಂದು, ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಧೈರ್ಯವಾಗಿ ಇರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡು. ನಿಮ್ಮ ಫೇಸ್‌ಬುಕ್ ನೋಡಿದೋರು ಯಾರು ಬೇಕಾದ್ರೂ ತೆಗೀಬಹುದು.

ಸೇಲ್ ಡೀಡ್, ಕ್ರಯಪತ್ರಗಳ ಬಗ್ಗೆ ನಮ್ಮ ಕರ್ನಾಟಕದೋರು ಸ್ವಲ್ಪ ಜಾಸ್ತೀನೇ ಹುಷಾರಾಗಿರಬೇಕು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಎಷ್ಟೋ ಜನರ ಅಕೌಂಟಿಂದ ಓಟಿಪಿನೂ ಬರದೆ ದುಡ್ಡು ಹೋಯ್ತು, ಹುಡುಕಿದ್ರೆ ರಿಜಿಸ್ಟ್ರೇಷನ್ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನ ಕಾಪಿ ಹೊಡೆದು, ಆಧಾರ್ ನಂಬರ್ ಜೊತೆ ಸೇರಿಸಿ, ಎಇಪಿಎಸ್‌ನಲ್ಲಿ, ಅಂದ್ರೆ ಆಧಾರ್ ನಂಬರ್ ಮತ್ತು ಹೆಬ್ಬೆಟ್ಟಿಂದ ಬ್ಯಾಂಕ್ ದುಡ್ಡು ತೆಗೆಯೋ ವ್ಯವಸ್ಥೆಯಲ್ಲಿ, ಹಣ ತೆಗೆದಿದ್ದು ಗೊತ್ತಾಯ್ತು. ಅಂದ್ರೆ ಡೀಡಿನ ಸ್ಕ್ಯಾನು ಅನ್ನೋದು ಬರೀ ಜಮೀನಿನ ಕಾಗದ ಅಲ್ಲ, ನಿಮ್ಮ ಬೆರಳಚ್ಚು, ಫೋಟೋ, ಸಹಿ, ವಿಳಾಸ ಎಲ್ಲಾ ಇರೋ ಕಟ್ಟು. ಇದನ್ನ ಯಾವತ್ತೂ ಬೀಗ ಇಲ್ಲದೆ ಡ್ರೈವ್‌ನಲ್ಲಿ ಇಡಬೇಡಿ. ಆಧಾರ್ ಪ್ರಾಧಿಕಾರದ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಅದನ್ನೂ ಇವತ್ತೇ ಆನ್ ಮಾಡ್ಬಿಡಿ, ಎಲ್ಲಾದ್ರೂ ಹೆಬ್ಬೆಟ್ಟು ಕೊಡಬೇಕಾದಾಗ ಮಾತ್ರ ತೆಗೆದ್ರೆ ಆಯ್ತು.

ಈಗ ಲಿಂಕಿನ ವಿಷಯ. ಹ್ಯಾಕರ್ ಬಂದು ಕದಿಯೋ ಕತೆ ಸಿನಿಮಾದಲ್ಲಿ ಚೆನ್ನಾಗಿರತ್ತೆ, ನಮ್ಮಂಥೋರ ಫೈಲು ಹೊರಗೆ ಹೋಗೋದು ಜಾಸ್ತಿ ನಾವೇ ಕೊಟ್ಟ ಲಿಂಕಿಂದ. ಗೂಗಲ್ ಡ್ರೈವ್‌ನಲ್ಲಿ ಫೈಲ್ ಮೇಲೆ ಶೇರ್ ಒತ್ತಿದ್ರೆ ಕೆಳಗೆ ಜನರಲ್ ಆಕ್ಸೆಸ್ ಅಂತ ಕಾಣತ್ತೆ. ಅಲ್ಲಿ ರಿಸ್ಟ್ರಿಕ್ಟೆಡ್ ಇದ್ರೆ ನೀವು ಹೆಸರು ಸೇರಿಸಿದೋರಿಗೆ ಮಾತ್ರ, ಎನಿವನ್ ವಿತ್ ದ ಲಿಂಕ್ ಇದ್ರೆ ಆ ಲಿಂಕು ಸಿಕ್ಕಿದ ಯಾರಿಗಾದ್ರೂ, ಲಾಗಿನ್ ಕೂಡ ಬೇಡ. ರಿಕ್ವೆಸ್ಟ್ ಬಂದು ಅಪ್ರೂವ್ ಮಾಡೋ ತಲೆನೋವು ಬೇಡ ಅಂತ ಎಲ್ಲರೂ ಎರಡನೇದನ್ನೇ ಒತ್ತೋದು. ಬ್ರೋಕರಿಗೆ ಕಳಿಸಿದ ಲಿಂಕು ಇನ್ನೊಬ್ಬ ಬ್ರೋಕರಿಗೆ ಹೋಗತ್ತೆ, ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದು ಮನೆ ಖಾಲಿ ಮಾಡ್ಕೊಂಡು ಹೋದೋರ ಫೋನಲ್ಲೂ ಉಳ್ಕೊಳತ್ತೆ. ಅದಕ್ಕೆ ಸ್ವಲ್ಪ ಕಷ್ಟ ಆದ್ರೂ ಅವರ ಮೇಲ್ ಐಡಿ ಹಾಕೇ ಶೇರ್ ಮಾಡಿ, ಎಡಿಟರ್ ಬೇಡ, ವ್ಯೂವರ್ ಕೊಡಿ, ಪಕ್ಕದಲ್ಲಿ ಗೇರ್ ಐಕಾನ್ ಒತ್ತಿ ವ್ಯೂವರ್‌ಗಳು ಡೌನ್‌ಲೋಡ್, ಪ್ರಿಂಟ್, ಕಾಪಿ ಮಾಡೋ ಆಪ್ಷನ್ನಿನ ಟಿಕ್ ತೆಗೀರಿ. ಸ್ಕ್ರೀನ್‌ಶಾಟ್ ಹೊಡೆಯೋನನ್ನ ಅದು ತಡೆಯಲ್ಲ ಬಿಡಿ.

ಇದ್ರಲ್ಲಿ ಬಹಳ ಜನ ಗಮನಿಸದೇ ಇರೋದು ಫೋಲ್ಡರ್ ಶೇರಿಂಗು. ಒಂದು ಫೋಲ್ಡರನ್ನ ಒಮ್ಮೆ ಶೇರ್ ಮಾಡಿದ್ರೆ ಮುಂದೆ ಅದ್ರೊಳಗೆ ನೀವು ಹಾಕೋ ಪ್ರತಿಯೊಂದು ಫೈಲೂ ಅವರಿಗೆ ಕಾಣತ್ತೆ. ಮದುವೆ ಫೋಟೋ ಅಂತ ನೆಂಟರಿಗೆಲ್ಲಾ ಲಿಂಕ್ ಕೊಟ್ಟ ಫೋಲ್ಡರ್ ಒಳಗೇ ಆಮೇಲೆ ಛತ್ರದ ಬಿಲ್ಲು, ಒಡವೆ ರಸೀದಿ ಹಾಕಿಟ್ರೆ ಚಿಕ್ಕಪ್ಪನ ಮನೆಯೋರು ಲೆಕ್ಕ ನೋಡ್ತಾ ಕೂರ್ತಾರೆ. ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದ್ರೆ ಶೇರ್ ಆಗಿರೋ ಫೈಲು, ಫೋಲ್ಡರ್ ಪಕ್ಕ ಇಬ್ಬರು ಮನುಷ್ಯರ ಚಿಕ್ಕ ಐಕಾನ್ ಇರತ್ತೆ, ಒಂದೊಂದೇ ನೋಡ್ಕೊಂಡು ಬೇಡದ್ದನ್ನ ರಿಸ್ಟ್ರಿಕ್ಟೆಡ್ ಮಾಡಿ. ಒನ್‌ಡ್ರೈವ್‌ನಲ್ಲೂ ಡ್ರಾಪ್‌ಬಾಕ್ಸ್‌ನಲ್ಲೂ ಶೇರ್ಡ್ ಅನ್ನೋ ಕಡೆ ಹೋದ್ರೆ ನೀವು ಹಂಚಿರೋದು ಸಿಗತ್ತೆ. ಕೆಲಸಕ್ಕೆ ಸೇರೋವಾಗ ಎಚ್‌ಆರ್‌ಗೆ ಕೊಟ್ಟ ಲಿಂಕು, ಲೋನಿಗೆ ಅಂತ ಏಜೆಂಟಿಗೆ ಕೊಟ್ಟಿದ್ದು, ಕೆಲಸ ಮುಗಿದ ಮೇಲೆ ತೆಗೀಬೇಕು. ಹಾಗೇ ಆಫೀಸಿನ ಅಥವಾ ಕಾಲೇಜಿನ ಅಕೌಂಟಲ್ಲಿ ಸ್ವಂತದ್ದು ಏನೂ ಇಡಬೇಡಿ, ಆ ಅಕೌಂಟಿನ ಯಜಮಾನ ಅಡ್ಮಿನ್ನು, ಕೆಲಸ ಬಿಟ್ಟ ದಿನ ನಿಮ್ಮ ಮಗುವಿನ ನಾಮಕರಣದ ಫೋಟೋನೂ ಅಲ್ಲೇ ಉಳಿಯತ್ತೆ.

ಲಾಗಿನ್ ವಿಷಯ ಎಲ್ಲರೂ ಹೇಳಿದ್ದೇ, ಆದ್ರೂ ಹೇಳ್ತೀನಿ, ಇದೊಂದು ಬಿಟ್ರೆ ಮಿಕ್ಕಿದ್ದೆಲ್ಲಾ ವೇಸ್ಟು. ಡ್ರೈವ್ ಇರೋ ಮೇಲ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. 2012ರಲ್ಲಿ ಡ್ರಾಪ್‌ಬಾಕ್ಸ್‌ನ ಒಬ್ಬ ಉದ್ಯೋಗಿಯೇ ಬೇರೆ ಕಡೆ ಬಳಸಿದ್ದ ಪಾಸ್‌ವರ್ಡನ್ನ ಆಫೀಸಿಗೂ ಬಳಸಿದ್ದರಿಂದ ಕಳ್ಳರು ಒಳಗೆ ನುಗ್ಗಿದ್ರು, ಅದ್ರಿಂದ 6.8 ಕೋಟಿಗೂ ಹೆಚ್ಚು ಅಕೌಂಟುಗಳ ಮಾಹಿತಿ ಹೋಗಿತ್ತು ಅಂತ ಲೋಕಕ್ಕೆ ಗೊತ್ತಾಗಿದ್ದು 2016ರಲ್ಲಿ. ಟೂ ಸ್ಟೆಪ್ ವೆರಿಫಿಕೇಷನ್, ಅಂದ್ರೆ ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಗುರುತು ಕೇಳೋದನ್ನ, ಹಾಕಿ, ಎಸ್ಸೆಮ್ಮೆಸ್ ಓಟಿಪಿಗಿಂತ ಫೋನಲ್ಲೇ ಕೋಡ್ ತೋರಿಸೋ ಆಥೆಂಟಿಕೇಟರ್ ಆಪ್ ಅಥವಾ ಫೋನಿನ ಬೆರಳಚ್ಚು, ಪಿನ್‌ನಿಂದಲೇ ಲಾಗಿನ್ ಆಗೋ ಪಾಸ್‌ಕೀ ವಾಸಿ, ಯಾಕಂದ್ರೆ ಸಿಮ್ ಸ್ವಾಪ್ ಮಾಡಿದೋನ, ಅಂದ್ರೆ ಮೋಸದಿಂದ ನಿಮ್ಮ ನಂಬರಿನ ಹೊಸ ಸಿಮ್ ತಗೊಂಡೋನ ಕೈಗೆ ಓಟಿಪಿ ಹೋಗತ್ತೆ. ಫೋನ್ ಕೈಲಿಲ್ಲದಾಗ ಲಾಗಿನ್ ಆಗೋಕೆ ಗೂಗಲ್ ಕೊಡೋ 10 ಬ್ಯಾಕಪ್ ಕೋಡ್‌ಗಳನ್ನ ಪೇಪರಲ್ಲಿ ಬರೆದಿಡಿ, ಅದರ ಸ್ಕ್ರೀನ್‌ಶಾಟನ್ನ ಅದೇ ಡ್ರೈವ್‌ಗೆ ಹಾಕೋ ಬುದ್ಧಿವಂತಿಕೆ ಬೇಡ. 2014ರಲ್ಲಿ ಹಾಲಿವುಡ್ ನಟಿಯರ ಐಕ್ಲೌಡ್ ಫೋಟೋಗಳು ಹೊರಗೆ ಬಂದ್ವಲ್ಲ, ಅದಕ್ಕೆ ಸಿಕ್ಕಿಬಿದ್ದು ಜೈಲಿಗೆ ಹೋದೋರು ಮಾಡಿದ್ದು ದೊಡ್ಡ ಹ್ಯಾಕಿಂಗ್ ಏನಲ್ಲ, ಕಂಪನಿಯಿಂದ ಬಂದ ಹಾಗೆ ಕಾಣೋ ಮೇಲ್ ಕಳಿಸಿ ಪಾಸ್‌ವರ್ಡ್ ಇಸ್ಕೊಂಡಿದ್ರು ಅಷ್ಟೇ.

ನಮ್ಮ ಕಡೆ ಇನ್ನೊಂದು ದೊಡ್ಡ ತೂತು ಅಂದ್ರೆ ಜೆರಾಕ್ಸ್ ಅಂಗಡಿ. ಪ್ರಿಂಟ್ ತೆಗಿಸೋಕೆ ಹೋಗಿ ಅಲ್ಲಿನ ಕಂಪ್ಯೂಟರಲ್ಲಿ ಜಿಮೇಲ್ ಲಾಗಿನ್ ಆಗ್ತೀವಿ, ಹಿಂದೆ ನಾಲ್ಕು ಜನ ಕಾಯ್ತಿರ್ತಾರೆ, ಗಡಿಬಿಡೀಲಿ ಲಾಗೌಟ್ ಮರ್ತು ಬರ್ತೀವಿ. ಬರೀ ಆ ಒಂದು ಫೈಲನ್ನ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ, ಪ್ರಿಂಟ್ ಆದ್ಮೇಲೆ ಅವರ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿದ್ರೆ ರೀಸೈಕಲ್ ಬಿನ್ ಸಮೇತ ಅಳಿಸಿ ಅಣ್ಣ ಅಂತ ನಿಂತು ಹೇಳಿ, ಮುಜುಗರ ಏನಿಲ್ಲ. ಈಗಾಗ್ಲೇ ಎಲ್ಲೆಲ್ಲೋ ಲಾಗಿನ್ ಆಗಿ ಬಂದಿರೋರು ಗೂಗಲ್ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ, ಅದ್ರೊಳಗೆ ಯುವರ್ ಡಿವೈಸಸ್ ನೋಡಿ, ಗುರುತಿಲ್ಲದ್ದನ್ನೆಲ್ಲಾ ಸೈನ್ ಔಟ್ ಮಾಡಿ. ಅಲ್ಲೇ ಥರ್ಡ್ ಪಾರ್ಟಿ ಆಪ್‌ಗಳ ಪಟ್ಟಿನೂ ಇರತ್ತೆ, ಯಾವತ್ತೋ ಹಾಕಿದ ಪಿಡಿಎಫ್ ಆಪಿಗೆ ಇಡೀ ಡ್ರೈವ್ ನೋಡೋ ಪರ್ಮಿಷನ್ ಕೊಟ್ಟಿರ್ತೀರಿ, ತೆಗೀರಿ. ಅಪ್ಲಿಕೇಷನ್ ಫಾರ್ಮಿಗೆ ಫೈಲು 200 ಕೆಬಿ ಒಳಗೇ ಇರಬೇಕು ಅಂತಾರೆ ಅಂತ ಸಿಕ್ಕ ಸೈಟಿಗೆ ಆಧಾರ್ ಅಪ್‌ಲೋಡ್ ಮಾಡಿ ಕಂಪ್ರೆಸ್ ಮಾಡೋ ಅಭ್ಯಾಸಾನೂ ಬಿಡಿ, ಫೋನಲ್ಲೇ ಕಮ್ಮಿ ಕ್ವಾಲಿಟಿಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದ್ರೆ ಕೆಲಸ ಆಗತ್ತೆ. ಸ್ಕ್ಯಾನರ್ ಡ್ರೈವ್ ಆಪ್‌ನಲ್ಲೇ ಇದೆ, ಐಫೋನ್‌ನಲ್ಲಿ ನೋಟ್ಸ್‌ನಲ್ಲಿದೆ.

ಇನ್ನು ನಿಜವಾದ ಬೀಗ. ನಾನು ಎಲ್ಲರಿಗೂ ಹೇಳೋದು ಕ್ರಿಪ್ಟೊಮೇಟರ್ ಅನ್ನೋ ಸಾಫ್ಟ್‌ವೇರು. ಜರ್ಮನಿಯೋರು ಮಾಡಿದ್ದು, ಓಪನ್ ಸೋರ್ಸ್ ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ನೋಡಬಹುದು, ಕಂಪ್ಯೂಟರಿಗೆ ಫ್ರೀ. ಇದ್ರ ಕೆಲಸ ಸರಳ, ಫೈಲು ನಿಮ್ಮ ಕಂಪ್ಯೂಟರಲ್ಲೇ ಎನ್‌ಕ್ರಿಪ್ಟ್ ಆಗಿ ಆಮೇಲೆ ಡ್ರೈವ್‌ಗೆ ಹೋಗತ್ತೆ, ಗೂಗಲ್‌ಗೆ ಸಿಗೋದು ಅರ್ಥವಾಗದ ಕಲಸುಮೇಲೋಗರ ಮಾತ್ರ.

ಮೊದಲು ಕಂಪ್ಯೂಟರಿಗೆ ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಆಪ್ ಹಾಕ್ಕೊಳ್ಳಿ, ಒನ್‌ಡ್ರೈವ್ ಆದ್ರೆ ವಿಂಡೋಸ್‌ನಲ್ಲಿ ಆಗ್ಲೇ ಇರತ್ತೆ. ಆಮೇಲೆ ಕ್ರಿಪ್ಟೊಮೇಟರ್ ತೆರೆದು ಹೊಸ ವಾಲ್ಟ್, ಅಂದ್ರೆ ಬೀಗ ಇರೋ ಫೋಲ್ಡರ್, ಮಾಡಿ, ಹೆಸರು ಕೇಳತ್ತೆ, ಈ ಹೆಸರು ಹೊರಗೂ ಕಾಣತ್ತೆ ಅದಕ್ಕೆ ಮನೆಪತ್ರ ಗಿನೆಪತ್ರ ಅಂತ ಇಡಬೇಡಿ, ಏನಾದ್ರೂ ಸಾದಾ ಹೆಸರು ಕೊಡಿ. ಜಾಗ ಕೇಳಿದಾಗ ಡ್ರೈವ್ ಫೋಲ್ಡರ್ ತೋರ್ಸಿ. ಪಾಸ್‌ವರ್ಡ್ ಉದ್ದ ಇರಲಿ, ಸಂಬಂಧ ಇಲ್ಲದ ನಾಲ್ಕೈದು ಪದ ಜೋಡಿಸಿದ್ರೆ ನೆನಪೂ ಇರತ್ತೆ, ಊಹೆ ಮಾಡೋಕೂ ಆಗಲ್ಲ. ರಿಕವರಿ ಕೀ ಬೇಕಾ ಅಂತ ಕೇಳತ್ತೆ, ಬೇಕು ಅನ್ನಿ, ಬರೋ ಉದ್ದ ಪದಗಳ ಸಾಲನ್ನ ಪೇಪರಲ್ಲಿ ಬರೆದು ಬೀರುವಿನಲ್ಲಿ ಇಡಿ. ಇದನ್ನ ಅಸಡ್ಡೆ ಮಾಡಬೇಡಿ, ಪಾಸ್‌ವರ್ಡೂ ಮರ್ತು ರಿಕವರಿ ಕೀನೂ ಕಳೆದ್ರೆ ಫೈಲು ಹೋದ ಹಾಗೇ ಲೆಕ್ಕ, ಫಾರ್ಗಾಟ್ ಪಾಸ್‌ವರ್ಡ್ ಒತ್ತೋ ವ್ಯವಸ್ಥೆ ಇಲ್ಲಿಲ್ಲ. ಯಾರೋ ಕಂಪನಿಯೋರು ರಿಸೆಟ್ ಮಾಡಿಕೊಡೋ ಹಾಗಿದ್ರೆ ಆ ಬೀಗಕ್ಕೆ ಅರ್ಥಾನೇ ಇಲ್ವಲ್ಲ.

ಅನ್‌ಲಾಕ್ ಮಾಡಿದ್ರೆ ಪೆನ್‌ಡ್ರೈವ್ ಹಾಕಿದ ಹಾಗೆ ಒಂದು ಹೊಸ ಡ್ರೈವ್ ಕಾಣತ್ತೆ, ಫೈಲುಗಳನ್ನ ಅದ್ರೊಳಗೆ ಹಾಕಿ, ಕೆಲಸ ಮುಗಿದ ಮೇಲೆ ಲಾಕ್ ಮಾಡಿ. ಬ್ರೌಸರಲ್ಲಿ ಡ್ರೈವ್ ತೆರೆದು ನೋಡಿದ್ರೆ ವಿಚಿತ್ರ ಹೆಸರಿನ ಫೋಲ್ಡರುಗಳು ಇರತ್ತೆ, ಇದೇನೋ ವೈರಸ್ಸು ಅಂತ ಅಲ್ಲಿ ಡಿಲೀಟ್ ಮಾಡಬೇಡಿ, ಮನೆಯಲ್ಲಿ ಆ ಅಕೌಂಟ್ ಬಳಸೋರಿಗೂ ಹೇಳಿಡಿ. ಫೋನಿಗೂ ಆಪ್ ಇದೆ, ಆಂಡ್ರಾಯ್ಡ್‌ನಲ್ಲಿ ಅದಕ್ಕೆ ದುಡ್ಡು ಕೊಡಬೇಕು. ತೊಂದರೆಗಳನ್ನೂ ಹೇಳಿಬಿಡ್ತೀನಿ: ಡ್ರೈವ್‌ನ ಸರ್ಚಲ್ಲಿ ಒಳಗಿನ ಫೈಲು ಸಿಗಲ್ಲ, ಪ್ರಿವ್ಯೂ ಇಲ್ಲ, ಒಂದೇ ಫೈಲ್ ಲಿಂಕ್ ಮಾಡಿ ಯಾರಿಗೋ ಕಳಿಸೋಕೆ ಆಗಲ್ಲ, ಮತ್ತೆ ಎಷ್ಟು ಫೈಲಿದೆ, ಎಷ್ಟು ದೊಡ್ಡದು, ಯಾವಾಗ ಬದಲಾಯ್ತು ಅನ್ನೋದು ಕಂಪನಿಗೆ ಗೊತ್ತಾಗತ್ತೆ. ಹಾಗಾಗಿ ಎಲ್ಲವನ್ನೂ ಇದ್ರೊಳಗೆ ತುಂಬೋ ಹುಚ್ಚು ಬೇಡ. ಟ್ರಿಪ್ ಫೋಟೋ, ಅಡುಗೆ ರೆಸಿಪಿ ಹೊರಗೇ ಇರಲಿ. ಡೀಡು, ಐಡಿ ಪ್ರೂಫು, ಮೆಡಿಕಲ್ ರಿಪೋರ್ಟು, ಐಟಿ ರಿಟರ್ನ್ಸು ಒಳಗಿರಲಿ.

ವಾಲ್ಟಿಗೆ ಹಾಕಿದ್ಮೇಲೆ ಹಳೇ ಕಾಪಿನ ಡಿಲೀಟ್ ಮಾಡಬೇಕು ಅನ್ನೋದು ಎಷ್ಟೋ ಜನಕ್ಕೆ ಹೊಳೆಯಲ್ಲ. ಡಿಲೀಟ್ ಮಾಡಿದ್ರೂ ಗೂಗಲ್ ಡ್ರೈವ್‌ನ ಟ್ರ್ಯಾಶಲ್ಲಿ 30 ದಿನ ಇರತ್ತೆ, ಹೋಗಿ ಖಾಲಿ ಮಾಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋಗಳು 60 ದಿನ. ಜಿಮೇಲ್‌ನ ಸೆಂಟ್‌ನಲ್ಲೂ ಅಟ್ಯಾಚ್‌ಮೆಂಟ್ ಆಗಿ ಬಿದ್ದಿರತ್ತೆ, ಆಧಾರ್ ಅಂತ ಸರ್ಚ್ ಕೊಟ್ಟು ನೋಡಿ, ಎಷ್ಟು ಸಲ ಎಷ್ಟು ಜನಕ್ಕೆ ಕಳಿಸಿದೀರಿ ಅಂತ ನಿಮಗೇ ಗಾಬರಿ ಆಗತ್ತೆ.

ಒಂದೋ ಎರಡೋ ಫೈಲು ಯಾರಿಗೋ ಕಳಿಸಬೇಕು ಅಷ್ಟೇ ಅಂದ್ರೆ ವಾಲ್ಟ್ ಎಲ್ಲಾ ಬೇಡ, ಫೈಲುಗಳನ್ನ ಒಂದೇ ಕಟ್ಟು ಮಾಡೋ 7-ಜಿಪ್ ಸಾಫ್ಟ್‌ವೇರ್ ಸಾಕು. ಆರ್ಕೈವ್ ಮಾಡೋವಾಗ 7ಝಡ್ ಫಾರ್ಮ್ಯಾಟ್ ಆರಿಸಿ ಪಾಸ್‌ವರ್ಡ್ ಕೊಟ್ರೆ ಎಇಎಸ್-256 ಅನ್ನೋ ಗಟ್ಟಿ ಎನ್‌ಕ್ರಿಪ್ಷನ್ ಬರತ್ತೆ, ಎನ್‌ಕ್ರಿಪ್ಟ್ ಫೈಲ್ ನೇಮ್ಸ್ ಅನ್ನೋದಕ್ಕೂ ಟಿಕ್ ಹಾಕಿ, ಇಲ್ದಿದ್ರೆ ಒಳಗಿನ ಹೆಸರುಗಳು ಕಾಣ್ತವೆ. ಪಾಸ್‌ವರ್ಡನ್ನ ಅದೇ ಮೇಲಲ್ಲಿ ಕೆಳಗೆ ಬರೆದು ಕಳಿಸಬೇಡಿ, ಫೋನ್ ಮಾಡಿ ಹೇಳಿ.

ಇಷ್ಟೆಲ್ಲಾ ಯಾರು ಮಾಡ್ತಾರೆ, ಬೀಗ ತಾನಾಗೇ ಬೀಳೋ ಹಾಗಿದ್ರೆ ಹೇಳಿ ಅನ್ನೋರಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇರೋ, ಅಂದ್ರೆ ಕೀ ಕಂಪನಿ ಹತ್ರ ಇರದೆ ನಿಮ್ಮ ಹತ್ರ ಮಾತ್ರ ಇರೋ ಸರ್ವೀಸ್‌ಗಳಿವೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಡ್ರೈವ್, ನ್ಯೂಜಿಲೆಂಡಿನ ಮೆಗಾ, ಫೋಟೋಗಳಿಗೆ ಎಂಟೆ. ಹಾಗಂತ ಎಂಡ್ ಟು ಎಂಡ್ ಅಂದ ತಕ್ಷಣ ಕಣ್ಮುಚ್ಚಿ ನಂಬೋದಲ್ಲ, 2022ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಮೆಗಾದ ಎನ್‌ಕ್ರಿಪ್ಷನ್‌ನಲ್ಲೇ ದೋಷ ತೋರಿಸಿದ್ರು, ಕಂಪನಿ ಆಮೇಲೆ ಅಪ್‌ಡೇಟ್ ಕೊಡ್ತು. ಐಫೋನ್ ಇರೋರಿಗೆ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಅಂತ ಇದೆ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ ಐಕ್ಲೌಡ್‌ಗೆ ಹೋದ್ರೆ ಕೆಳಗಡೆ ಸಿಗತ್ತೆ. ಆನ್ ಮಾಡಿದ್ರೆ ಐಕ್ಲೌಡ್ ಡ್ರೈವ್, ಫೋಟೋಸ್, ಬ್ಯಾಕಪ್ ಎಲ್ಲದರ ಕೀ ನಿಮ್ಮ ಡಿವೈಸಲ್ಲಿ ಮಾತ್ರ ಇರತ್ತೆ, ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಮಾತ್ರ ಇದಕ್ಕೆ ಸೇರಲ್ಲ. 2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಡದಿಂದ ಆಪಲ್ ಅಲ್ಲಿನ ಹೊಸಬರಿಗೆ ಇದನ್ನ ನಿಲ್ಲಿಸ್ತು, ಲಂಡನ್ ಕಡೆ ಇರೋ ನಮ್ಮೋರು ಇದನ್ನ ನೆಚ್ಚಿಕೊಂಡು ಕೂರೋದಕ್ಕಿಂತ ಕ್ರಿಪ್ಟೊಮೇಟರ್ ನೋಡೋದು ಮೇಲು. ವಯಸ್ಸಾದ ಅಪ್ಪ ಅಮ್ಮನ ಫೋನಲ್ಲಿ ಇದನ್ನ ಆನ್ ಮಾಡೋದಾದ್ರೆ ರಿಕವರಿ ಕಾಂಟ್ಯಾಕ್ಟ್ ಆಗಿ, ಅಂದ್ರೆ ಅವರು ಲಾಗಿನ್ ಆಗೋಕೆ ಆಗದಿದ್ರೆ ಸಹಾಯ ಮಾಡೋರಾಗಿ, ನಿಮ್ಮನ್ನ ಸೇರಿಸಿಕೊಳ್ಳದೇ ಮಾಡಬೇಡಿ.

ವಾಟ್ಸಾಪ್ ಬ್ಯಾಕಪ್ಪೂ ಕ್ಲೌಡ್‌ಗೇ ಹೋಗೋದು, ಆಂಡ್ರಾಯ್ಡ್ ಆದ್ರೆ ಗೂಗಲ್‌ಗೆ, ಐಫೋನ್ ಆದ್ರೆ ಐಕ್ಲೌಡ್‌ಗೆ. ಮೆಸೇಜು ಎಂಡ್ ಟು ಎಂಡ್ ಅಂತ ನಂಬ್ಕೊಂಡು ಬ್ಯಾಕಪ್ಪನ್ನ ಹಾಗೇ ಬಿಟ್ಟಿರ್ತೀವಿ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಅಂತ ಇದೆ, 2021ರಲ್ಲಿ ಬಂದಿದ್ದು. ಪಾಸ್‌ವರ್ಡ್ ಕೊಡಬಹುದು, ಇಲ್ಲಾ 64 ಅಂಕಿಯ ಕೀ ಬರೆದಿಟ್ಕೋಬಹುದು. ಹಾಗೇ ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗಲ್ಲಿ ಯಾವ್ಯಾವ ಫೋಲ್ಡರ್ ಆನ್ ಇದೆ ನೋಡಿ, ಕ್ಯಾಮೆರಾ ಬಿಟ್ಟು ಸ್ಕ್ರೀನ್‌ಶಾಟ್, ವಾಟ್ಸಾಪ್ ಇಮೇಜಸ್ ಆಫ್ ಮಾಡಿ, ಬ್ಯಾಂಕ್ ಡೀಟೇಲ್ಸ್ ಎಲ್ಲಾ ಇರೋದು ಸ್ಕ್ರೀನ್‌ಶಾಟಲ್ಲೇ. ಆಲ್ಬಂ ಲಿಂಕ್ ಕೊಡೋವಾಗ ಲೊಕೇಷನ್ ಶೇರ್ ಆಗೋದನ್ನ ಆಫ್ ಮಾಡೋ ಆಪ್ಷನ್ ಇದೆ, ಮಕ್ಕಳ ಫೋಟೋಗಂತೂ ಮರೀಬೇಡಿ.

ಇನ್ನು ನಮ್ಮ ಮನೆಗಳಲ್ಲಿ ಮಾಮೂಲಿ ಆಗಿರೋದು, ಮಗನ ಜಿಮೇಲನ್ನೇ ಅಮ್ಮನ ಫೋನಿಗೂ, ಟಿವಿಗೂ, ತಂಗಿಯ ಹಳೇ ಫೋನಿಗೂ ಹಾಕಿರೋದು. ಹೊಸ ಐಡಿ ಮಾಡೋ ಸೋಮಾರಿತನ ಅಷ್ಟೇ. ಎಲ್ಲರ ಫೋಟೋ, ಕಾಂಟ್ಯಾಕ್ಟು, ಫೈಲು ಎಲ್ಲರಿಗೂ ಕಾಣತ್ತೆ. ಆ ಹಳೇ ಫೋನು ಎಕ್ಸ್‌ಚೇಂಜ್‌ಗೆ ಹೋದ್ರೆ ಲಾಗಿನ್ ಸಮೇತ ಹೋಗತ್ತೆ. ಒಬ್ಬೊಬ್ಬರಿಗೆ ಒಂದೊಂದು ಐಡಿ ಮಾಡಿಕೊಡಿ.

ಕಾನೂನಿನ ಮಾತು ಒಂದೆರಡು. ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು, ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಡೇಟಾ ಪ್ರೊಟೆಕ್ಷನ್ ಕಾಯ್ದೆ 2023ರಲ್ಲಿ ಬಂತು, ಅದರ ರೂಲ್ಸು 2025ರ ನವೆಂಬರ್‌ನಲ್ಲಿ. ಹಕ್ಕು ಇರೋದು ಸಂತೋಷವೇ, ಆದ್ರೆ ಒಮ್ಮೆ ಹೊರಗೆ ಹೋದ ಹೆಬ್ಬೆಟ್ಟನ್ನ ಯಾವ ಕಾಯ್ದೆನೂ ವಾಪಸ್ ತರಲ್ಲ. ದುಡ್ಡೇನಾದ್ರೂ ಹೋದ್ರೆ ಮಾತ್ರ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೇದಾಗಿ, ನಿಮಗೇ ಏನಾದ್ರೂ ಆದ್ರೆ ಈ ಫೈಲುಗಳ ಕತೆ ಏನು ಅನ್ನೋದು. ಅಪಶಕುನ ಅನ್ಬೇಡಿ. 2 ವರ್ಷ ಯಾರೂ ಬಳಸದ ವೈಯಕ್ತಿಕ ಅಕೌಂಟನ್ನ ಗೂಗಲ್ ಡಿಲೀಟ್ ಮಾಡಬಹುದು ಅನ್ನೋ ನಿಯಮ ಇದೆ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಹುಡುಕಿ, 3 ತಿಂಗಳಿಂದ 18 ತಿಂಗಳ ತನಕ ಎಷ್ಟು ಕಾಯ್ಬೇಕು ಅಂತ ಹಾಕಿ, ಆಮೇಲೆ ಯಾರಿಗೆ ಏನು ಸಿಗಬೇಕು ಅಂತ 10 ಜನರವರೆಗೆ ಸೇರಿಸಬಹುದು. ಹೆಂಡತಿಗೋ ಗಂಡನಿಗೋ ಡ್ರೈವ್ ಮಾತ್ರ ಕೊಟ್ಟು ಮೇಲ್ ಕೊಡದೇ ಇರೋಕೂ ಆಗತ್ತೆ, ಅದು ನಿಮ್ಮಿಷ್ಟ. ಆದ್ರೆ ವಾಲ್ಟ್ ಮಾಡಿದ್ದೀರಿ ಅಂದ್ರೆ ಅವರಿಗೆ ಸಿಗೋದೂ ಅದೇ ಕಲಸುಮೇಲೋಗರ, ಅದಕ್ಕೆ ಆ ರಿಕವರಿ ಕೀ ಬರೆದ ಪೇಪರು ಎಲ್‌ಐಸಿ ಬಾಂಡಿನ ಕವರಲ್ಲಿದೆ, ಕ್ರಿಪ್ಟೊಮೇಟರ್ ಅನ್ನೋದ್ರಲ್ಲಿ ಹಾಕಿದ್ರೆ ತೆರ್ಕೊಳತ್ತೆ ಅಂತ ಮನೇಲಿ ಒಬ್ಬರಿಗಾದ್ರೂ ಈಗ್ಲೇ ಹೇಳಿ, ಒಂದ್ಸಲ ಅವರ ಕೈಯಲ್ಲೇ ತೆರೆಸಿ ನೋಡಿ.